ದೊರೆಸ್ವಾಮಿಯ ಮನೆಗೆ ಕಾರು ಬಂತು

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ದೊರೆಸ್ವಾಮಿಗೆ ಅದು ಹುಟ್ಟಿದಂದಿನಿಂದ ಇರಲಿಲ್ಲ. ಅಂಥ ಮನುಷ್ಯ, ಮೈಸೂರಿಗೆ ನಯಾಪೈಸೆ ಬಂದ ಹೊಸತರಲ್ಲಿ, ಕುಂಬಾರಕೊಪ್ಪಲಿನ ಕಡೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ಒಂದೇ ಒಂದು ಸುಳ್ಳು ಹೇಳಿದ. ಅದು ಅವನ ಕೈಮೀರಿ ಬೆಳೆದು, ಗೃಹಪ್ರವೇಶದ ದಿನ ಕರೆದವರನ್ನೂ ಕರೆಯದವರನ್ನೂ ಅವನ ಬಾಗಿಲಿಗೆ ತಂದು ನಿಲ್ಲಿಸಿತು.

ದೊರೆಸ್ವಾಮಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಹೆಂಡತಿ ಚೂಡಾಮಣಿ ಮತ್ತು ಅಕ್ಕ ಗಿರಿಜಾಂಬಾಳ ಜೊತೆ ಒಂದು ವಠಾರದಲ್ಲಿದ್ದ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು, ಉಣಿಸಿ, ಶಾಲೆಯ ಬಾಗಿಲವರೆಗೂ ಬಿಟ್ಟುಬಂದು ಮನುಷ್ಯನನ್ನಾಗಿ ಮಾಡಿದವಳು ಈ ಅಕ್ಕ. ಅವಳ ಗಂಡ ಮದುವೆಯಾದ ಹೊಸತರಲ್ಲೇ ಗಂಗೆ ತರುತ್ತೇನೆಂದು ಕಾಶಿಗೆ ಹೋದವರು ಇನ್ನೂ ಬಂದಿರಲಿಲ್ಲ. ಯಾರಾದರೂ ಕೇಳಿದರೆ ಅಕ್ಕ ಹಣೆಯ ಕುಂಕುಮ ಸರಿಮಾಡಿಕೊಂಡು, "ಅಲ್ಲಿ ಜನ ಜಾಸ್ತಿಯಂತೆ, ಅವರ ಸರದಿ ಬಂದಿಲ್ಲ" ಅನ್ನುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳ ಕಾಲು ಓಡಾಡುವುದನ್ನು ನಿಲ್ಲಿಸಿತು, ಆ ಕೆಲಸವನ್ನೂ ನಾಲಿಗೆಯೇ ವಹಿಸಿಕೊಂಡಿತು. ಸೈಕಲ್ ಶಾಪಿನವನು ಒಂದು ಬೆತ್ತದ ಕುರ್ಚಿಗೆ ಚಕ್ರ ಕೂರಿಸಿಕೊಟ್ಟಿದ್ದ. ವಠಾರದ ಮನೆ ನೆಲಮಟ್ಟದ್ದು, ಹೊಸ್ತಿಲು ಕೂಡ ತಲೆಮಾರುಗಳ ಕಾಲಿಗೆ ಸಿಕ್ಕು ಸವೆದುಹೋಗಿತ್ತು. ಅಕ್ಕ ಕುರ್ಚಿಯಲ್ಲಿ ಕೂತು ಅಡುಗೆಮನೆಯಿಂದ ಅಂಗಳದವರೆಗೂ ದರ್ಬಾರು ನಡೆಸುತ್ತಿದ್ದಳು.

ಹೊಸ ಮನೆಯ ಜಾಗ ತಗ್ಗಿನದು. ಮಳೆನೀರು ಒಳಗೆ ನುಗ್ಗಬಾರದೆಂದು ಪಾಯ ಎತ್ತರಿಸಬೇಕಾಯಿತು. ಪಾಯ ಎತ್ತರವಾದಷ್ಟೂ ಮನೆಯವರ ಮರ್ಯಾದೆಯೂ ಎತ್ತರ ಎಂಬುದು ಆ ಬಡಾವಣೆಯ ಕಾನೂನು. ಹಾಗಾಗಿ ದೊರೆಸ್ವಾಮಿ ಒಂದು ಸಂಜೆ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ:

"ಅಕ್ಕಾ, ಪಕ್ಕದ ಮನೆ ಅಮಲ್ದಾರರದು ಏಳು ಮೆಟ್ಟಿಲು. ನಮ್ಮದು ಎಂಟು!"

"ಎಂಟಾ? ಭೇಷ್!" ಅಂದಳು ಅಕ್ಕ. ಆಮೇಲೆ ಕುರ್ಚಿಯ ಚಕ್ರ ನೋಡಿಕೊಂಡು, "ಚಾಮರಾಜನಗರಕ್ಕೆ ವಸಂತಿಗೆ ಒಂದು ಕಾರ್ಡು ಹಾಕು. ಗೃಹಪ್ರವೇಶ ಆದ ಸಾಯಂಕಾಲದ ರೈಲಿಗೇ ಅವಳ ಮನೆಗೆ ಹೊರಟುಬಿಡ್ತೀನಿ. ಇನ್ನು ಅಲ್ಲೇ ಇರ್ತೀನಿ," ಅಂದಳು.

ವಸಂತಮ್ಮ ಇವರಿಬ್ಬರ ತಂಗಿ. "ಯಾಕಕ್ಕಾ?" ಎಂದು ಕೇಳಿದ ದೊರೆಸ್ವಾಮಿ.

"ಹವಾ ಬದಲಾವಣೆಗೆ."

ಚಾಮರಾಜನಗರದ ಹವಾ ಒಳ್ಳೆಯದೇ ಎಂದುಕೊಂಡು ದೊರೆಸ್ವಾಮಿ ನಿಜವಾಗಿಯೂ ಕಾರ್ಡು ಬರೆಯಲು ಕೂತ. ಚೂಡಾಮಣಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. "ನಿಮ್ಮ ತಲೆಯೊಳಗೆ ಏನು ತುಂಬಿಕೊಂಡಿದ್ದೀರಿ ಅಂತ ನಾನು ಕೇಳಲ್ಲ. ಎಂಟು ಮೆಟ್ಟಿಲನ್ನ ಅವರು ಹೇಗೆ ಹತ್ತಬೇಕು ಅನ್ನೋದಾದ್ರೂ ಹೇಳಿ. ಅಕ್ಕ ಬರದ ಮನೆಗೆ ನಾನೂ ಬರಲ್ಲ. ನೀವೊಬ್ಬರೇ ಮೆಟ್ಟಿಲು ಎಣಿಸಿಕೊಂಡು ಕೂತಿರಿ."

ದೊರೆಸ್ವಾಮಿಗೆ ಆಗ ಅರ್ಥವಾಯಿತು. ಮನೆ ಕಟ್ಟಿಸಬೇಕು ಎಂದು ಅವನು ಹೊರಟದ್ದೇ ಈ ಅಕ್ಕನನ್ನು ಒಂದು ಸ್ವಂತ ಸೂರಿನ ಕೆಳಗೆ ಕೂರಿಸಬೇಕೆಂದು. ಕೂರಿಸುವ ಉತ್ಸಾಹದಲ್ಲಿ, ಅವಳು ಒಳಗೆ ಬರುವುದು ಹೇಗೆ ಎಂಬ ಸಣ್ಣ ವಿಷಯ ಬಿಟ್ಟುಹೋಗಿತ್ತು.

ಮಾರನೆಯ ಬೆಳಿಗ್ಗೆ ಅಕ್ಕನ ಮುಂದೆ ನಿಂತು, "ಮೆಟ್ಟಿಲು ಇದ್ದರೇನಂತೆ, ನಾವು ಎತ್ತಿಕೊಂಡು ಹೋಗ್ತೀವಿ," ಅಂದ.

"ನಾನೇನು ಉತ್ಸವಮೂರ್ತಿಯೇನೋ, ದಿನಾ ಹೊತ್ತು ಇಳಿಸೋಕೆ?"

"ಹಾಗಾದರೆ ಮೆಟ್ಟಿಲೇ ಬೇಡ. ಇಳಿಜಾರು ಮಾಡಿಸ್ತೀನಿ."

"ನೋಡು ದೊರೆ, ನನಗೋಸ್ಕರ ಮನೆಯ ಮುಖ ಕೆಡಿಸಿದೆ ಅಂದ್ರೆ ನಾನು ಆ ಬೀದಿಗೂ ಬರಲ್ಲ. ಕಾಲಿಲ್ಲದವಳಿಗೆ ಅಂತ ಮಾಡಿದಾರೆ ಅಂತ ಹೋಗೋರು ಬರೋರೆಲ್ಲ ತೋರಿಸಿ ಮಾತಾಡಬೇಕಾ?"

"ನಿನಗೋಸ್ಕರ ಅಲ್ಲಕ್ಕಾ!"

"ಮತ್ತೆ ಯಾರಿಗೆ?"

ದೊರೆಸ್ವಾಮಿಯ ಕಣ್ಣು ಸಹಾಯಕ್ಕಾಗಿ ಗೋಡೆಯ ಮೇಲೆಲ್ಲ ಅಲೆಯಿತು. ಅಲ್ಲಿ ಟೈರು ಕಂಪನಿಯ ಕ್ಯಾಲೆಂಡರು ನೇತಾಡುತ್ತಿತ್ತು.

"ಕಾರಿಗೆ!" ಅಂದ.

ಸೈಕಲ್ಲಿನ ಬ್ರೇಕು ಸರಿಮಾಡಿಸಲೂ ಮುಂದಿನ ತಿಂಗಳು ನೋಡೋಣ ಅನ್ನುವ ಮನುಷ್ಯ. ಅಕ್ಕ ಅವನ ಮುಖವನ್ನೇ ನೋಡಿದಳು. "ಕಾರಿಗಾದರೆ ಸರಿ," ಎಂದು ಕುರ್ಚಿ ತಿರುಗಿಸಿಕೊಂಡು ಹೋದಳು. ಚಾಮರಾಜನಗರದ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಗಾರೆ ಕೆಲಸದ ಬೀರಯ್ಯ ಸುದ್ದಿ ಕೇಳಿ ಕರಣೆ ಕೆಳಗಿಟ್ಟ. "ಸಾಮಿ, ನಾನು ಮೆಟ್ಲು ಕಟ್ಟೋನು. ಬಂಗ್ಲೆಗಳ ಮೆಟ್ಲು ಕಟ್ಟಿವ್ನಿ. ಜಾರುಬಂಡೆ ಕಟ್ಟೋನಲ್ಲ."

"ಕಾರು ಬರುತ್ತೆ ಬೀರಯ್ಯ."

"ಕಾರಾ? ಅದನ್ನ ಮೊದ್ಲೇ ಯೋಳ್ಬಾರ್ದಾ!" ಎಂದು ಬೀರಯ್ಯ ಕೆಲಸಕ್ಕೆ ಇಳಿದ. ಕೆಲಸಕ್ಕಿಂತ ಮೊದಲು ಸುದ್ದಿ ಹಬ್ಬಿಸುವುದಕ್ಕೆ ಇಳಿದ ಎನ್ನುವುದು ಹೆಚ್ಚು ಸರಿ.

ಪಕ್ಕದ ಮನೆಯ ಯೋಗಾನರಸಿಂಹಯ್ಯನವರು ನಿವೃತ್ತ ಅಮಲ್ದಾರರು. ಅವರ ಮೊಣಕಾಲು ಅವರಿಗಿಂತ ಮೊದಲೇ ನಿವೃತ್ತವಾಗಿತ್ತು. ಇಳಿದರೆ ಮತ್ತೆ ಹತ್ತಬೇಕಲ್ಲ ಎಂಬ ಭಯದಿಂದ, ತಮ್ಮ ಏಳು ಮೆಟ್ಟಿಲ ಮೇಲಿನ ಜಗಲಿಯಲ್ಲಿ ಬೆಳಗಿನಿಂದ ಸಂಜೆವರೆಗೂ ಕೂತು ಅಲ್ಲಿಂದಲೇ ಬೀದಿಯ ಆಡಳಿತ ನೋಡಿಕೊಳ್ಳುತ್ತಿದ್ದರು.

"ಏನ್ರೀ ದೊರೆಸ್ವಾಮಿ, ಕಾರಂತೆ?"

"ಹೌದು ಸಾರ್, ಚಿಕ್ಕದು."

"ಮುಂಬಾಗಿಲು ಯಾಕ್ರೀ ಅಷ್ಟು ಅಗಲ? ಕಾರು ಹಾಲಿನವರೆಗೂ ಬರುತ್ತಾ?"

"ಗಾಳಿಗೆ ಸಾರ್."

ಕೆಲವು ದಿನ ಬಿಟ್ಟು ಬಚ್ಚಲುಮನೆಯ ಬಾಗಿಲು ಕೂರಿಸುವಾಗ ಜಗಲಿಯಿಂದ ಮತ್ತೆ ದನಿ ಬಂತು. "ಬಚ್ಚಲಿಗೂ ಅಷ್ಟೇ ಅಗಲ ಬಾಗಿಲು! ಕಾರಿಗೆ ಎಣ್ಣೆ ನೀರು ಹಾಕ್ತೀರೇನ್ರೀ?"

ದೊರೆಸ್ವಾಮಿ ತಲೆ ಕೆರೆದುಕೊಂಡ. "ತೊಳೀಬೇಕಲ್ಲ ಸಾರ್," ಅಂದುಬಿಟ್ಟ. ಯೋಗಾನರಸಿಂಹಯ್ಯನವರು ತಮ್ಮ ಸರ್ವಿಸಿನಲ್ಲಿ ಅನೇಕ ಹುಚ್ಚರನ್ನು ಕಂಡಿದ್ದರೂ ಕಾರನ್ನು ಬಚ್ಚಲಿಗೆ ಕರೆದೊಯ್ಯುವವನನ್ನು ಕಂಡಿರಲಿಲ್ಲ. ಹೆಂಡತಿ ಸರೋಜಮ್ಮನನ್ನು ಕೂಗಿ ಕರೆದು ತೋರಿಸಿದರು.

ಇಷ್ಟೇ ಆಗಿದ್ದರೆ ಆಗುತ್ತಿತ್ತು. ಒಲೆಕಟ್ಟೆ ಕೂತವರ ಕೈಗೆ ಸಿಗುವಷ್ಟು ತಗ್ಗು. ದೀಪದ ಸ್ವಿಚ್ಚು ತಗ್ಗು, ಚಿಲಕ ತಗ್ಗು, ದೇವರ ಗೂಡು ಕೂಡ ತಗ್ಗು. ಹೊಸ್ತಿಲು ಎಲ್ಲಿ ಎಂದು ಪುರೋಹಿತರು ಬಂದು ಹುಡುಕಿದರು. ದೊರೆಸ್ವಾಮಿ ನೆಲ ತೋರಿಸಿದ. ಹಲಸಿನ ಮರದ ಹೊಸ್ತಿಲನ್ನು ನೆಲದ ಮಟ್ಟಕ್ಕೆ ಹೂಳಿಸಿದ್ದ.

"ಹೊಸ್ತಿಲು ಅಂದಮೇಲೆ ದಾಟಬೇಕು ಕಣಯ್ಯ. ಲಕ್ಷ್ಮಿ ಕೂರೋ ಜಾಗ ಅದು!" ಎಂದರು ಪುರೋಹಿತರು.

ಚೂಡಾಮಣಿಯೇ ಉತ್ತರ ಕೊಟ್ಟಳು. "ಅರಿಶಿನ ಕುಂಕುಮ ಹಚ್ಚೋಕೆ ಹೊಸ್ತಿಲು ಇದೆಯಲ್ಲ ಶಾಸ್ತ್ರಿಗಳೇ. ಎಡವೋಕೆ ಮಾತ್ರ ಇಲ್ಲ. ಲಕ್ಷ್ಮಿ ಎಡವದೆ ಒಳಗೆ ಬರಲಿ ಬಿಡಿ." ಪುರೋಹಿತರು ಬಗ್ಗಿ ಹೊಸ್ತಿಲನ್ನು ಬೆರಳಿನಿಂದ ಸವರಿ ನೋಡಿ, ಪಂಚಾಂಗ ಬಿಚ್ಚಿದರು.

ಇಳಿಜಾರು ಸಿದ್ಧವಾದ ಮಧ್ಯಾಹ್ನ ದೊರೆಸ್ವಾಮಿಗೆ ಒಂದು ಯೋಚನೆ ಬಂತು. ಅವನಿಗೆ ಯೋಚನೆ ಬಂದಾಗಲೆಲ್ಲ ಯಾರಾದರೂ ಪಕ್ಕದಲ್ಲಿದ್ದು ತಡೆಯುವುದು ಒಳ್ಳೆಯದು. ಅಂದು ಯಾರೂ ಇರಲಿಲ್ಲ. ಅಕ್ಕ ಊಟ ಮುಗಿಸಿ ಮಲಗಿದ್ದ ಹೊತ್ತು ನೋಡಿ ಅವಳ ಕುರ್ಚಿಯನ್ನು ಜಟಕಾದಲ್ಲಿ ಹೇರಿಕೊಂಡು ಹೋದ. ಇಳಿಜಾರಿನ ನೆತ್ತಿಯ ಮೇಲೆ ಇಟ್ಟ. ಅಕ್ಕನ ಜಾಗದಲ್ಲಿ ತಾನೇ ಕೂತು ನೋಡಿದರೆ ಗೊತ್ತಾಗುತ್ತದೆಂದು ಕೂತ. ಕೂತದ್ದಷ್ಟೇ ಅವನಿಗೆ ನೆನಪಿತ್ತು. ಬೀರಯ್ಯ ಕಾರಿನ ಎಂಜಿನ್ನನ್ನು ನಂಬಿ ಕಡಿದಾಗಿ ಕಟ್ಟಿದ್ದ. ಕುರ್ಚಿ ದೊರೆಸ್ವಾಮಿಯನ್ನು ಹೊತ್ತು ಇಳಿಜಾರು ಇಳಿದು, ಬೀದಿ ದಾಟಿ, ಎದುರಿಗೆ ಕಲಸಿಟ್ಟಿದ್ದ ಗಾರೆಯ ಗುಂಡಿಗೆ ನುಗ್ಗಿ ನಿಂತಿತು.

"ಇದೇನ್ರೀ ಇದು?" ಎಂದು ಜಗಲಿಯಿಂದ ಕೇಳಿತು.

ದೊರೆಸ್ವಾಮಿ ಗಾರೆಯೊಳಗಿನಿಂದ ಕಣ್ಣು ತೆರೆದ. "ಬ್ರೇಕು ನೋಡ್ತಿದ್ದೆ ಸಾರ್."

"ಕಾರೇ ಬಂದಿಲ್ಲವಲ್ರೀ!"

"ಬರೋದಕ್ಕೆ ಮುಂಚೆ ನೋಡಿಬಿಡಬೇಕು ಸಾರ್. ಆಮೇಲೆ ನೋಡಿ ಏನು ಪ್ರಯೋಜನ?"

ಬೀರಯ್ಯ ಇಳಿಜಾರನ್ನು ಕಿತ್ತು, ಗೇಟಿನವರೆಗೂ ಉದ್ದಕ್ಕೆ ಎಳೆದು, ಒಂದು ತಿರುವು ಕೊಟ್ಟು, ಹಿಡಿದುಕೊಳ್ಳಲು ಪಕ್ಕದಲ್ಲಿ ಕಂಬಿ ಹಾಕಿ ಮತ್ತೆ ಕಟ್ಟಬೇಕಾಯಿತು. "ಕಾರಿಗೆ ಕಂಬಿ ಯಾಕೆ ಸಾಮಿ? ಅದು ಕೈ ಇಡ್ಕಂಡ್ ಅತ್ತುತ್ತಾ?" ಎಂದು ಕೇಳಿದ. ದೊರೆಸ್ವಾಮಿ ಕೇಳಿಸದವನಂತೆ ಆಕಾಶ ನೋಡಿದ.

ಸುದ್ದಿ ಕಚೇರಿಗೂ ಹೋಯಿತು. ಮೇಲಧಿಕಾರಿ ವೀರರಾಜೇ ಅರಸರು ಅವನನ್ನು ಒಳಗೆ ಕರೆಸಿದರು. ಅವರದು ಹಳೆಯ ಆಸ್ಟಿನ್. ಗುಮಾಸ್ತೆಯ ಕಾರು ಸಾಹೇಬರ ಕಾರಿಗಿಂತ ದೊಡ್ಡದಿರಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಆದರೆ ಆ ಕೋಣೆಯ ಗಾಳಿಯಲ್ಲಿ ಆ ಕಾನೂನು ಇತ್ತು.

"ಯಾವ ಕಾರು ದೊರೆಸ್ವಾಮಿ?"

ದೊರೆಸ್ವಾಮಿಗೆ ಕಾರುಗಳ ಹೆಸರು ತಿಳಿಯದು. ತಿಳಿದಿದ್ದದ್ದು ಅಕ್ಕನ ಕುರ್ಚಿಯೊಂದೇ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತ ಹೋದ. "ಇಲ್ಲೇ ಮೈಸೂರಿನಲ್ಲೇ ಮಾಡಿದ್ದು ಸಾರ್."

"ಮೈಸೂರಲ್ಲಿ? ಎಷ್ಟು ಜನ ಕೂರಬಹುದು?"

"ಒಬ್ಬರೇ ಸಾರ್."

"ಒಬ್ಬರಾ! ಒಳಗೆ ಸೀಟು?"

"ಬೆತ್ತದ್ದು ಸಾರ್."

"ಡ್ರೈವರು?"

"ನಾನೇ ಹಿಂದಿನಿಂದ ತಳ್ತೀನಿ ಸಾರ್."

ಅರಸರು ಕುರ್ಚಿಗೆ ಒರಗಿ ಬಹಳ ಹೊತ್ತು ಯೋಚಿಸಿದರು. ಬೆತ್ತದ ಸೀಟು, ಒಬ್ಬರೇ ಕೂರುವುದು, ಮೈಸೂರಿನಲ್ಲೇ ಮಾಡಿದ್ದು, ತಳ್ಳದೆ ಹೊರಡದು. ಅವರ ಮುಖ ಇದ್ದಕ್ಕಿದ್ದಂತೆ ಅರಳಿತು. "ಅರಮನೆಯದು! ದೊಡ್ಡವರ ಕಾಲದಲ್ಲಿ ಯಾರಿಗೋ ವಿಶೇಷವಾಗಿ ಮಾಡಿಸಿದ್ದಿರಬೇಕು. ನಾನೇ ಬಂದು ನೋಡ್ತೀನಿ!" ದೊರೆಸ್ವಾಮಿ ಬೇಡ ಎನ್ನಲು ಬಾಯಿ ತೆರೆದ. ಬಾಯಿಯಿಂದ "ಬನ್ನಿ ಸಾರ್" ಎಂದು ಬಂತು.

ಅರಮನೆಯ ಕಾರಿನ ಸುದ್ದಿ ಹುಣಸೂರಿಗೆ ಹೋಗಿ ಚೂಡಾಮಣಿಯ ಅಣ್ಣನನ್ನು ಕರೆತಂದಿತು. ಮಗಳ ಮದುವೆಗೆ ವರನನ್ನು ಎದುರುಗೊಳ್ಳಲು ಕಾರು ಬೇಕಂತೆ. ಅಣ್ಣ ಹೊರಟ ಮೇಲೆ ಚೂಡಾಮಣಿ ಗಂಡನ ಮೇಲೆ ಹರಿಹಾಯ್ದಳು. "ಹೇಳೋಕೆ ನಿಮಗೆ ಬೇರೆ ಸುಳ್ಳು ಸಿಗಲಿಲ್ವೇ? ಎತ್ತಿನ ಗಾಡಿ ಅಂದಿದ್ರೆ ಯಾರೂ ತಿರುಗಿ ನೋಡ್ತಿರಲಿಲ್ಲ."

ಅಕ್ಕ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತ ತನ್ನ ಟ್ರಂಕಿಗೆ ಸೀರೆ ಜೋಡಿಸುತ್ತಿದ್ದಳು. ದಿನ ಕಳೆದಂತೆ ಅವಳ ಮಾತು ಕಮ್ಮಿಯಾಗುತ್ತ ಬಂತು. ದೊರೆಸ್ವಾಮಿಗೆ ಬೈಗುಳಕ್ಕಿಂತ ಅದರಿಂದಲೇ ಹೆಚ್ಚು ಭಯವಾಯಿತು.

ಗೃಹಪ್ರವೇಶದ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯೋಗಾನರಸಿಂಹಯ್ಯನವರು ಜರಿಪೇಟ ಸುತ್ತಿಕೊಂಡು, ಸರೋಜಮ್ಮನ ಭುಜ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರನ್ನು ಕರೆಯುತ್ತ ಇಳಿದುಬಂದಿದ್ದರು. ಅರಸರ ಆಸ್ಟಿನ್ ಬಂದು, ಅರಮನೆಯ ಕಾರಿಗೆ ಜಾಗ ಬಿಟ್ಟು ದೂರದಲ್ಲಿ ವಿನಯದಿಂದ ನಿಂತಿತು. ಅಕ್ಕ ಬೀದಿಯ ಆ ಬದಿಯಲ್ಲಿ ಜಟಕಾದಲ್ಲೇ ಕೂತಿದ್ದಳು. ಪಕ್ಕದಲ್ಲಿ ಟ್ರಂಕು. ಕುರ್ಚಿ ಜಟಕಾದ ಹಿಂದೆ ಕಟ್ಟಿತ್ತು. "ನಾನು ಇಲ್ಲಿಂದಲೇ ನೋಡ್ತೀನಿ," ಎಂದಿದ್ದಳು.

ಸಂಪ್ರದಾಯದಂತೆ ಮೊದಲು ಹಸು ಒಳಗೆ ಹೋಗಬೇಕು. ಕುಂಬಾರಕೊಪ್ಪಲಿನ ಪುಟ್ಟಬಸಮ್ಮ ತನ್ನ ಗೌರಿಯನ್ನೂ ಕರುವನ್ನೂ ಅಲಂಕರಿಸಿ ತಂದಿದ್ದಳು. ಗೌರಿ ಇಳಿಜಾರನ್ನು ಮೂಸಿ ನೋಡಿ, ಸ್ವಂತ ಕೊಟ್ಟಿಗೆಗೆ ಹೋಗುವಂತೆ ಗಂಭೀರವಾಗಿ ಹತ್ತಿ, ತಿರುವಿನಲ್ಲಿ ತಿರುಗಿ, ಹೂತ ಹೊಸ್ತಿಲು ದಾಟಿ ನಡುಮನೆಯಲ್ಲಿ ನಿಂತಿತು. ಕರು ಹಿಂದೆಯೇ ಕುಣಿದುಕೊಂಡು ಹೋಯಿತು. ಪುರೋಹಿತರಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಮರ್ಯಾದೆಯಾಗಿ ಒಳಗೆ ಬಂದ ಹಸುವನ್ನು ಅವರು ಆ ಬಡಾವಣೆಯಲ್ಲಿ ಕಂಡಿರಲಿಲ್ಲ.

"ಈ ಅಮಲ್ದಾರ್ರ ಮನೇಲಿ ಮೂರಾಳು ಬಾಲ ತಿರುಚುದ್ರೂವೆ ನನ್ ಗೌರಿ ಮೆಟ್ಲು ಅತ್ನಿಲ್ಲ ಕಣವ್ವಾ," ಎಂದು ಪುಟ್ಟಬಸಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು. "ಕೊನೆಗೆ ಕರನ ಎತ್ಕಂಡ್ ಓಗಿ ಪೂಜೆ ಮುಗುಸ್ಬುಟ್ರು."

ಯೋಗಾನರಸಿಂಹಯ್ಯನವರು ಪೇಟ ಸರಿಮಾಡಿಕೊಂಡು ಮಾತು ಬದಲಿಸಿದರು. "ಹಸು ಆಯ್ತು. ಕಾರೆಲ್ಲಿ?"

"ಕಾರೆಲ್ಲಿ?" ಎಂದರು ಅರಸರು. "ಕಾರೆಲ್ಲಿ ಭಾವ?" ಎಂದ ಚೂಡಾಮಣಿಯ ಅಣ್ಣ. ಇಡೀ ಬೀದಿ ದೊರೆಸ್ವಾಮಿಯತ್ತ ತಿರುಗಿತು. ಅವನು ಇನ್ನೊಂದು ಸುಳ್ಳಿಗಾಗಿ ಹುಡುಕಿದ. ಸುತ್ತಮುತ್ತ ಕ್ಯಾಲೆಂಡರು ಇರಲಿಲ್ಲ. ಎದುರಿಗೆ ಜಟಕಾದಲ್ಲಿ ಅಕ್ಕ ಇದ್ದಳು, ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಕಾರಿಲ್ಲ," ಅಂದ ದೊರೆಸ್ವಾಮಿ.

"ಕೆಟ್ಟುನಿಂತಿದೆಯೋ?"

"ಇಲ್ಲ ಸಾರ್. ಕಾರು ಅನ್ನೋದೇ ಇಲ್ಲ. ನಾನು ಎಲ್ಲರಿಗೂ ಸುಳ್ಳು ಹೇಳಿದೆ." ಅವನು ಇಳಿಜಾರಿನತ್ತ ಕೈ ತೋರಿಸಿದ. "ಈ ಇಳಿಜಾರು ನನ್ನಕ್ಕನಿಗೆ. ಬಾಗಿಲು ಅಗಲ ಇರೋದು ಅವಳ ಕುರ್ಚಿಗೆ. ಬಚ್ಚಲು, ಒಲೆಕಟ್ಟೆ, ಚಿಲಕ, ಎಲ್ಲಾ ಅವಳಿಗೆ. ಅವಳು ನನ್ನನ್ನ ಹೊತ್ತು ತಿರುಗದೇ ಇದ್ದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ, ಈ ಮನೆಯೂ ಇರ್ತಿರಲಿಲ್ಲ. ಅವಳು ಒಳಗೆ ಬರದಿದ್ರೆ ನನಗೆ ಈ ಮನೆ ಬೇಡ ಸಾರ್. ಗೌರಿಯೇ ಇಟ್ಟುಕೊಳ್ಳಲಿ."

ಒಳಗೆ ಗೌರಿ ಒಪ್ಪಿಗೆಯೆಂಬಂತೆ ಒಮ್ಮೆ ಕೂಗಿತು. ಅರಸರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

"ದೊರೇ," ಎಂದು ಜಟಕಾದಿಂದ ಕೇಳಿತು. "ಇದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತೋ?"

"ನಿನಗೋಸ್ಕರ ಅಂದ್ರೆ ಬರಲ್ಲ ಅಂದೆಯಲ್ಲಕ್ಕಾ!"

"ನಾನು ಅಂದೆ, ನೀನು ಕೇಳಿಬಿಟ್ಟೆ! ಹುಟ್ಟಿದಾಗಿನಿಂದ ನನ್ನ ಯಾವ ಮಾತು ಕೇಳಿದ್ದೀಯೋ ನೀನು? ಒಂದು ದಿನ ನಿದ್ದೆಯಿಂದ ಎದ್ದು ನೋಡಿದ್ರೆ ನನ್ನ ಕುರ್ಚಿ ಚಕ್ರದ ತುಂಬ ಗಾರೆ. ನಿದ್ದೆಗಣ್ಣಲ್ಲಿ ನಾನೇನು ಕೂಲಿಗೆ ಹೋಗಿದ್ನಾ? ಅವತ್ತೇ ಎಲ್ಲಾ ಗೊತ್ತಾಯ್ತು." ಅವಳ ದನಿ ಸ್ವಲ್ಪ ತಗ್ಗಿತು. "ಆದ್ರೂ ಊರಿಗೆಲ್ಲ ಕಾರು ಕಾರು ಅಂತಿದ್ದೆ. ಅಕ್ಕನಿಗೆ ಅಂತ ಬಾಯಿಬಿಟ್ಟು ಹೇಳೋಕೆ ಇವನಿಗೆ ನಾಚಿಕೆಯೇನೋ ಅಂದ್ಕೊಂಡುಬಿಟ್ಟಿದ್ದೆ ಕಣೋ."

ದೊರೆಸ್ವಾಮಿ ಬೀದಿಯ ನಡುವೆ, ಸಾಹೇಬರ ಎದುರಿಗೇ, ಅಂಗವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಅಳೋದು ಆಮೇಲೆ. ಕುರ್ಚಿ ಇಳಿಸು. ರಾಹುಕಾಲ ಬರುತ್ತೆ."

ಕುರ್ಚಿ ಇಳಿಯಿತು. ಅಕ್ಕ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು. ದೊರೆಸ್ವಾಮಿ ಹಿಂದಿನಿಂದ ತಳ್ಳಲು ಬಂದ. ಅವಳು ಕೈಬೀಸಿ ಅವನನ್ನು ದೂರ ಸರಿಸಿ, ಬೀರಯ್ಯ ಹಾಕಿದ್ದ ಕಂಬಿಯನ್ನು ಹಿಡಿದು ತಾನೇ ಎಳೆದುಕೊಂಡಳು. ಚಕ್ರ ಮೆಲ್ಲಗೆ ಏರಿತು. ತಿರುವಿನಲ್ಲಿ ಜನ ಅಡ್ಡ ನಿಂತಿದ್ದರು, ಅವರಲ್ಲಿ ಅರಸರೂ ಇದ್ದರು. ಅಕ್ಕ ತಲೆಯೆತ್ತಿ, ಜೋರಾಗಿ, "ಪೋಂ! ಪೋಂ!" ಅಂದಳು.

ಅರಸರು ಗಾಬರಿಯಾಗಿ ಪಕ್ಕಕ್ಕೆ ಹಾರಿದರು. ಬೀದಿಗೆ ಬೀದಿಯೇ ನಕ್ಕಿತು. ಅಕ್ಕ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ, ಗೌರಿಯ ಬೆನ್ನು ಸವರಿ, ತನ್ನ ಎತ್ತರಕ್ಕಿದ್ದ ಸ್ವಿಚ್ಚನ್ನು ಒತ್ತಿದಳು. ಹಗಲಿನಲ್ಲೇ ದೀಪ ಹತ್ತಿಕೊಂಡಿತು. ಮತ್ತೆ ಆರಿಸಿ ಮತ್ತೆ ಹಚ್ಚಿದಳು. ಸಾಯಂಕಾಲದ ಚಾಮರಾಜನಗರದ ರೈಲು ಅಕ್ಕನಿಲ್ಲದೆ ಹೊರಟಿತು. ಟ್ರಂಕಿನಲ್ಲಿದ್ದ ಸೀರೆಗಳನ್ನು ಚೂಡಾಮಣಿ ಯಾರನ್ನೂ ಕೇಳದೆ ತೆಗೆದು ಒಳಗಿಟ್ಟಳು.

ಕಾರನ್ನು ನಂಬಿ ಮೋಸಹೋದವರ ಸಿಟ್ಟು ಹೋಳಿಗೆಯ ಊಟದಲ್ಲಿ ಕರಗಿತು. ಯೋಗಾನರಸಿಂಹಯ್ಯನವರದು ಮಾತ್ರ ಕರಗಲಿಲ್ಲ. ಊಟ ಮುಗಿಸಿ ಗೊಣಗಿಕೊಂಡು ಇಳಿಜಾರು ಇಳಿದರು. ಅರ್ಧ ದಾರಿಯಲ್ಲಿ ನಿಂತರು. ತಮ್ಮ ಮೊಣಕಾಲನ್ನು ನೋಡಿಕೊಂಡರು. ಮತ್ತೆ ಹತ್ತಿದರು, ಮತ್ತೆ ಇಳಿದರು. ಸರೋಜಮ್ಮನ ಭುಜ ಹಿಡಿಯುವುದನ್ನು ಅವರು ಮರೆತಿದ್ದು ಅವರಿಗೇ ತಿಳಿಯಲಿಲ್ಲ.

ಕೆಲವು ದಿನಗಳಲ್ಲೇ ಬೀರಯ್ಯ ಅಮಲ್ದಾರರ ಮನೆಯ ಮುಂದೆ ಗಾರೆ ಕಲಸತೊಡಗಿದ. ಏಳು ಮೆಟ್ಟಿಲ ಪಕ್ಕದಲ್ಲಿ ಕಂಬಿ ಹಾಕಿದ ಒಂದು ಉದ್ದನೆಯ ಇಳಿಜಾರು ಎದ್ದಿತು.

"ಏನ್ ಸಾರ್ ಇದು?" ಎಂದು ಕೇಳಿದ ದೊರೆಸ್ವಾಮಿ.

ಯೋಗಾನರಸಿಂಹಯ್ಯನವರು ಗಡ್ಡ ಸವರಿಕೊಂಡು ದೂರ ನೋಡಿದರು. "ಕಾರು ತಗೋಬೇಕು ಅಂತಿದ್ದೀನಿ ಕಣ್ರೀ."

"ಒಳ್ಳೇದು ಸಾರ್," ಅಂದ ದೊರೆಸ್ವಾಮಿ. ಕಾರಿನ ವಿಷಯದಲ್ಲಿ ಇನ್ನೊಬ್ಬರನ್ನು ಪ್ರಶ್ನಿಸುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಮುಂದಿನ ಗೌರಿ ಹಬ್ಬದ ಸಂಜೆ ಗಿರಿಜಾಂಬಾ ಜರಿಸೀರೆ ಉಟ್ಟು, ತಲೆತುಂಬ ಮೈಸೂರು ಮಲ್ಲಿಗೆ ಮುಡಿದು ಹೊರಟಳು. ಬಿದ್ದ ದಿನದಿಂದ ಈಚೆಗೆ ಇನ್ನೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದವಳಲ್ಲ. ತನ್ನ ಇಳಿಜಾರು ಇಳಿದು, ಬೀದಿಯಲ್ಲಿ ಉರುಳಿ, ಪಕ್ಕದ ಮನೆಯ ಇಳಿಜಾರಿನ ಬುಡದಲ್ಲಿ ಕಂಬಿ ಹಿಡಿದು ಮೇಲೆ ನೋಡಿದಳು. ಜಗಲಿಯಲ್ಲಿದ್ದ ಯೋಗಾನರಸಿಂಹಯ್ಯನವರು ಎದ್ದು ನಿಂತು, ಮೇಲುಹೊದಿಕೆ ಸರಿಮಾಡಿಕೊಂಡು, ಒಳಗೆ ಕೂಗಿದರು:

"ಲೇ ಸರೋಜಾ, ಬಾಗಿಲು ಪೂರ್ತಿ ತೆಗಿ. ಕಾರು ಬಂತು!"